ಬೀಗದ ಕೈಗಳ ಜೊತೆ ಒಂದು ಚೀಟಿ

ಫಾದರ್ ಕ್ಲೆರೆನ್ಸ್,
ಕೊಂಕಣಿಯಲ್ಲಿ ಬರೆಯಹೊರಟೆ, ಎರಡನೇ ಸಾಲಿಗೇ
ಪ್ರವಚನದ ದನಿ ಬಂತು. ಹರಿದು ಹಾಕಿದೆ.
ಕನ್ನಡದಲ್ಲಿ ನಾನು ಬರೀ ಲೆಕ್ಕ ಬರೆದವನು:
ಸುಣ್ಣಕ್ಕೆ ಇಷ್ಟು, ಗುಂಡಿ ತೋಡಿದವರಿಗೆ ಇಷ್ಟು,
ಗಂಟೆಯ ಹಗ್ಗಕ್ಕೆ ಇಷ್ಟು.
ಈ ಭಾಷೆಯಲ್ಲಿ ಸುಳ್ಳು ಹೇಳುವುದು ನನಗೆ ಕಷ್ಟ.

ಗೊಂಚಲಲ್ಲಿ ಹನ್ನೊಂದು ಕೀಲಿ. ಒಂಬತ್ತಕ್ಕೆ ಬೀಗವುಂಟು.
ಉಳಿದೆರಡು ಯಾವುದರದ್ದೆಂದು
ನನಗೆ ಕೊಟ್ಟವರಿಗೂ ಗೊತ್ತಿರಲಿಲ್ಲ.
ಎಸೆಯಬೇಡಿ, ಭಾರ ಕಡಿಮೆಯಾದರೆ
ಗುರ್ಕಾರ ಲಿಗೋರಿಗೆ ಅನುಮಾನ ಬರುತ್ತದೆ.

ಕುದ್ರುವಿನ ರೋಗಿಗಳಿಗೆ ಪರಮಪ್ರಸಾದ, ಮೊದಲ ಶುಕ್ರವಾರ.
ದೋಣಿ ಸೀನ ಕುಂದರನದು. ದುಡ್ಡು ಮುಟ್ಟುವುದಿಲ್ಲ.
ಎದೆಗೆ ಪಾತ್ರೆ ಒತ್ತಿ ಕೂತಾಗ ನಾವು ಮಾತಾಡುವುದಿಲ್ಲವೆಂದು
ಅವನಿಗೆ ಯಾರು ಹೇಳಿದರೋ,
ಚಪ್ಪಲಿ ಬಿಚ್ಚಿಟ್ಟು, ತುಟಿ ಬಿಗಿದು ಹುಟ್ಟು ಹಾಕುತ್ತಾನೆ.
ಮರಳುವಾಗ ಮಾತ್ರ ಬೂತಾಯಿಯ ರೇಟಿನಿಂದ ಹಿಡಿದು
ಮಗಳ ಬಿ.ಎಡ್. ವರೆಗೆ ಎಲ್ಲ.
ಇಳಿತ ನೋಡಿ ಹೊರಡಿ. ಕಳೆದ ಫೆಬ್ರುವರಿಯಲ್ಲಿ
ಕೆಸರಿಗೆ ತಳ ಹತ್ತಿ, ನೀರು ಏರುವವರೆಗೆ
ನಾವು ಮೂವರೂ ಸುಮ್ಮನೆ ಕೂತಿದ್ದೆವು.

ಅಲ್ಲಿ ಎಪ್ರೊಜಿನಾ ಬಾಯಿಗೆ ಕಣ್ಣು ಕಾಣುವುದಿಲ್ಲ.
ಕೈ ಹಿಡಿದು ಬೆರಳು ಎಣಿಸುತ್ತಾರೆ,
ಹೊಸಬರೆಂದು ತಿಳಿದರೆ ಅಳುತ್ತಾರೆ.
ಅದು ನಿಮಗಾಗಿಯಲ್ಲ, ನನಗಾಗಿಯೂ ಅಲ್ಲ;
ಏಳು ವರ್ಷಕ್ಕೊಮ್ಮೆ ಅತ್ತು ರೂಢಿ.

ಜನರ ಬಗ್ಗೆ ತಿಳಿಸಿ ಎಂದಿರಿ.
ಕಣ್ಣಿಂದ ಕಂಡದ್ದನ್ನು ಬರೆಯಬಲ್ಲೆ.
ಜಾಲರಿಯ ಆಚೆಯಿಂದ ಕಿವಿಗೆ ಬಿದ್ದದ್ದನ್ನು
ಹಸ್ತಾಂತರಿಸುವ ಹಾಗಿಲ್ಲ, ನಿಮಗೆ ಗೊತ್ತೇ ಇದೆ.
ಸುವರ್ಣೆ ಉಪ್ಪಾಗುವ ಜಾಗದಲ್ಲಿ ನಿಂತು
ಇದು ಹೊಳೆ, ಇದು ಕಡಲು ಎಂದು ತೋರಿಸಲಾಗದು.
ನನ್ನೊಳಗೂ ಯಾವುದು ಯಾರದ್ದೆಂದು
ಈಗ ನನಗೇ ತಿಳಿಯದು.
ಸಂಜೆ ಕೊನೇ ಬೆಂಚಿನಲ್ಲಿ ಒಬ್ಬ ಕೂರುತ್ತಾನೆ, ಹೆಲ್ಮೆಟ್ಟು ಮಡಿಲಲ್ಲಿ.
ನಾಲ್ಕು ವರ್ಷ. ಒಮ್ಮೆಯೂ ಹತ್ತಿರ ಬಂದಿಲ್ಲ,
ಅದಕ್ಕೇ ಅವನ ಸುದ್ದಿ ಬರೆಯಬಹುದು.
ಲೈಟು ಬೇಗ ಆರಿಸಬೇಡಿ.

ಸ್ಕೂಟರಿನ ಸಾಲಕ್ಕೆ ಉಡುಪಿಯ ಬ್ಯಾಂಕಿಗೆ ಹೋಗಿದ್ದೆ.
ಅವಲಂಬಿತರು ಎಷ್ಟು ಎಂಬಲ್ಲಿ ಪೆನ್ನು ನಿಂತುಬಿಟ್ಟಿತು.
ಹಿಂದೆ ಸಾಲು ಬೆಳೆಯಿತು. ಕೊನೆಗೆ ಆ ಹುಡುಗಿಯೇ
ಕಾಗದ ತಿರುಗಿಸಿಕೊಂಡು ಅಲ್ಲೊಂದು ಗೆರೆ ಎಳೆದಳು.

ದೇವರು ಹೇಗೆ ಕರೆದರು ಎಂದು ಮಕ್ಕಳು ಕೇಳುತ್ತಾರೆ,
ತಯಾರಾಗಿರಿ. ನಾನು ಪ್ರತಿಸಲ ಬೇರೇನೋ ಹೇಳಿದೆ.
ದೀಕ್ಷೆಯ ದಿನ ನೆಲದ ಮೇಲೆ ಬೋರಲು ಬಿದ್ದಿದ್ದಾಗ
ಸಂತರ ಹೆಸರುಗಳು ಒಂದೊಂದಾಗಿ ಬೆನ್ನ ಮೇಲಿಂದ ಹಾದುಹೋದವು.
ನನಗೆ ನೆನಪಿರುವುದು ಫಿನಾಯಿಲಿನ ವಾಸನೆ.
ಎದ್ದಾಗ ಕೈಗೆ ಎಣ್ಣೆ ಹಚ್ಚಿ, ಬಿಳಿ ಬಟ್ಟೆ ಸುತ್ತಿದರು.
ಆ ಬಟ್ಟೆಯನ್ನು ಅಮ್ಮ
ಬಿಸ್ಕತ್ತಿನ ಡಬ್ಬದಲ್ಲಿ ಇಪ್ಪತ್ತಾರು ವರ್ಷ ಇಟ್ಟಿದ್ದಳು.
ಪೆಟ್ಟಿಗೆಗೆ ಮೊಳೆ ಹೊಡೆಯುವ ಮುಂಚೆ
ಅವಳ ಬೆರಳುಗಳಿಗೆ ಸುತ್ತಿದೆ; ಎಣ್ಣೆಯ ಕಲೆ ಹಳದಿಯಾಗಿತ್ತು.
ಅಂದೇ ನಾಲ್ಕು ಗಂಟೆಗೆ ಇಲ್ಲೊಂದು ಮದುವೆ.
ಬಸ್ಸು ಹಿಡಿದು ಬಂದು ನಡೆಸಿದೆ.
ಮದುಮಗ ಉಂಗುರ ಬೀಳಿಸಿದ, ಅದು ಬೆಂಚಿನಡಿ ಉರುಳಿತು,
ಎಲ್ಲರೂ ನಕ್ಕರು, ನಾನೂ ನಕ್ಕೆ.
ನಿಜವಾಗಿಯೂ ನಗು ಬಂದಿತ್ತು.
ಕರೆ ಎಂದರೆ ಅದೇ ಇರಬೇಕು; ಮಕ್ಕಳಿಗೆ ಹೇಳಲಾಗಲಿಲ್ಲ.

ಊಟದ ಮೇಜಿಗೆ ಎಂಟು ಕುರ್ಚಿ.
ಗೋಡೆಗೆ ಬೆನ್ನು ಕೊಟ್ಟು ಕೂರಬೇಡಿ, ಉಳಿದ ಏಳೂ ಕಾಣುತ್ತವೆ.
ಕಿಟಕಿಯ ಕಡೆ ಕೂತರೆ ಸಮಾಧಿಗಳು.
ಅವು ಪರವಾಗಿಲ್ಲ, ಹೆಚ್ಚಿನವರು ಪರಿಚಯದವರು.
ನಿಮಗೂ ಆಗುತ್ತಾರೆ.

ಟ್ರಂಕು ಎರಡೇ. ಕಾರ್ಮಿನ್ ಕೊಟ್ಟ ಮಿಡಿ ಉಪ್ಪಿನಕಾಯಿಯ ಭರಣಿ
ಮುಂದಿನ ಊರಿಗೆ ತಲುಪುವ ಭರವಸೆಯಿಲ್ಲ,
ಕಪಾಟಿನಲ್ಲೇ ಬಿಟ್ಟಿದ್ದೇನೆ. ಅವಳಿಗೆ ಹೇಳಬೇಡಿ.

ಮರೆತೆ: ಗಂಟೆಯ ಹಗ್ಗ ಹೊಸದು.
ಮೊದಲ ಎರಡು ವಾರ
ಅಂಗೈ ಉರಿಯುತ್ತದೆ.